ಮೊಟ್ಟೆ ಕೊಳ್ಳಲಿಕ್ಕೂ ಬೆಂಗಳೂರು ಬೇಕೇ?



ಒಟ್ಟಿಗೆ ಕೊಂಡರೆ ಅಗ್ಗ ಅಂತ ಅಧಿಕಾರಿಗಳು ಹೇಳುತ್ತಾರೆ. ಕೆಲವು ಸಾಮಾನಿಗೆ ಈ ಮಾತು ನಿಜ. ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಕಟ್ಟಿ, ಸರ್ಕಾರಿ ಆಸ್ಪತ್ರೆಗಳ ಬಹುಪಾಲು ಔಷಧಿಯನ್ನು ಒಂದೇ ಕಡೆಯಿಂದ ಕೊಳ್ಳತೊಡಗಿತು, ದರ ಇಳಿಯಿತು. ಮಾತ್ರೆ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಮೊಟ್ಟೆ, ಸೊಪ್ಪು, ತರಕಾರಿ, ಪೊರಕೆಗೂ ಇದೇ ಲೆಕ್ಕ ಹಾಕಿದರೆ ಮೂಗಿಗಿಂತ ಮೂಗುತಿ ಭಾರ!

ಯಾಕೆ ಅಂತೀರಾ? ಟೆಂಡರ್ ಕಾಗದದಲ್ಲಿ ಕಾಣುವುದು ಸಾಮಾನಿನ ದರ ಮಾತ್ರ. ಜಾಹೀರಾತು, ಕಡತ ನೋಡುವವರ ಸಂಬಳ, ಗೋದಾಮು, ಲಾರಿ ಬಾಡಿಗೆ, ದಾರಿಯಲ್ಲಿ ಒಡೆದದ್ದು, ಕೊಳೆತದ್ದು ಎಲ್ಲ ಬೇರೆ ಬೇರೆ ಖಾತೆಯಲ್ಲಿ ಅಡಗಿರುತ್ತವೆ. ಲಕ್ಷ ರೂಪಾಯಿಯ ಯಂತ್ರಕ್ಕೆ ಈ ಖರ್ಚು ಚಿಲ್ಲರೆ. ಐದಾರು ರೂಪಾಯಿಯ ಸಾಮಾನಿಗೆ ಅದೇ ದೊಡ್ಡ ಹೊರೆ. ಇದು ಸರ್ಕಾರಕ್ಕೂ ಗೊತ್ತು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು 25,000 ರೂಪಾಯಿವರೆಗಿನ ಸಾಮಾನನ್ನು ದರಪಟ್ಟಿ ಕರೆಯದೆ ಕೊಳ್ಳಲು ಕಚೇರಿಗಳಿಗೆ ಅವಕಾಶ ಕೊಟ್ಟವು. ದಿಲ್ಲಿಯ ಅಧಿಕಾರಿಯ ಮೇಲಿನ ನಂಬಿಕೆ ಹಳ್ಳಿಯ ಜನರ ಮೇಲೆ ಯಾಕಿರಬಾರದು?

ಇನ್ನೊಂದು ಮಾತು. ಜಿಲ್ಲೆಗೆಲ್ಲ ಒಂದೇ ಟೆಂಡರ್ ಕರೆದರೆ ಅದಕ್ಕೆ ಠೇವಣಿ ಇಡುವ ಶಕ್ತಿ ನಿಮಗಿದೆಯೇ, ನನಗಿದೆಯೇ? ಬರುವವನು ದೊಡ್ಡ ಗುತ್ತಿಗೆದಾರನೇ. ಅಂಗನವಾಡಿ ಆಹಾರಕ್ಕೆ ಗುತ್ತಿಗೆದಾರರು ಬೇಡ, ಗ್ರಾಮ ಸಮುದಾಯ, ಸ್ವಸಹಾಯ ಗುಂಪು, ಮಹಿಳಾ ಮಂಡಳಿಗಳ ಮೂಲಕ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್ 7ರಂದೇ ಆದೇಶ ಮಾಡಿದೆ.

ಕೊಳ್ಳುವ ಕೆಲಸ ಹಳ್ಳಿಗೆ ಬಿಟ್ಟು ದರದ ಹಗ್ಗವನ್ನು ಬೆಂಗಳೂರಲ್ಲೇ ಹಿಡಿದಿಟ್ಟುಕೊಂಡರೆ ಅದೂ ಪ್ರಯೋಜನವಿಲ್ಲ. ಶಾಲೆಯ ಮೊಟ್ಟೆಯನ್ನು ಶಾಲೆಯವರೇ ಕೊಳ್ಳಲಿ ಅಂದರು ಸರಿ. ಆದರೆ ಬೇಯಿಸಿ ಸುಲಿಯುವ ಖರ್ಚೂ ಸೇರಿ ಒಂದಕ್ಕೆ 6 ರೂಪಾಯಿ ಅಂತ ಇಡೀ ರಾಜ್ಯಕ್ಕೆ ಗೂಟ ಹೊಡೆದರು. 2023ರಲ್ಲಿ ಪೇಟೆ ದರ ಏರಿದಾಗ ಮೇಷ್ಟ್ರುಗಳು ಜೇಬಿಂದ ಹಾಕಬೇಕಾಯಿತು.

ಹಳ್ಳಿಯಲ್ಲಿ ಕಳ್ಳಲೆಕ್ಕ ಆಗೋದಿಲ್ಲವೇ ಅಂತ ಕೇಳುತ್ತೀರಿ. ಆಗಬಹುದು. ಆದರೆ ಅದನ್ನು ಹಿಡಿಯಲು ಮೊಟ್ಟೆ ತಿನ್ನುವ ಮಗುವಿನ ತಾಯಿ ಸಾಕು. ಟೆಂಡರಿನ ಕಳ್ಳಲೆಕ್ಕ ಹಿಡಿಯಲು ವಕೀಲರು ಬೇಕು.

ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ: ಬೇಗ ಕೆಡುವ, ಊರಲ್ಲಿ ಸಿಗುವ ಸಾಮಾನನ್ನು ಊರಲ್ಲೇ ಕೊಳ್ಳಬೇಕು. ದರ ಆ ವಾರದ ಪೇಟೆ ದರವಾಗಿರಬೇಕು. ಕೊಂಡದ್ದೆಷ್ಟು, ಕೊಟ್ಟದ್ದೆಷ್ಟು ಅಂತ ಶಾಲೆಯ ಗೋಡೆ ಮೇಲೆ ಬರೆಯಬೇಕು. ಬೆಳೆಯುವವರು ನಾವು, ಉಣ್ಣುವವರು ನಮ್ಮ ಮಕ್ಕಳು. ಲೆಕ್ಕವನ್ನೂ ನಾವೇ ಕೇಳೋಣ.