ಸ್ಯಾನ್ ಮರಿನೊ ಆಡಬಾರದೆ?

ಸ್ಯಾನ್ ಮರಿನೊದಂಥ ಪುಟ್ಟ ದೇಶಗಳನ್ನು ಫುಟ್‌ಬಾಲ್ ಅರ್ಹತಾ ಸುತ್ತಿನಿಂದ ಹೊರಗಿಟ್ಟು, ತಮ್ಮತಮ್ಮಲ್ಲೇ ಆಡಿಕೊಳ್ಳಲು ಬಿಡಬೇಕೆಂಬ ವಾದ ಮತ್ತೆ ಅಚ್ಚಾಗಿದೆ. 2006ರಲ್ಲಿ ಸ್ಯಾನ್ ಮರಿನೊ ವಿರುದ್ಧ ಜರ್ಮನಿ ಹೊಡೆದ 13 ಗೋಲುಗಳು ಸುಳ್ಳಲ್ಲ, ಒಪ್ಪೋಣ.

ಆದರೆ 1993ರ ಬೊಲೊನ್ಯಾ ಪಂದ್ಯ? ಇಂಗ್ಲೆಂಡಿನ ಸ್ಟುವರ್ಟ್ ಪಿಯರ್ಸ್ ತಮ್ಮ ಗೋಲ್‌ಕೀಪರ್‌ನತ್ತ ತಳ್ಳಿದ ಚೆಂಡಿಗೆ ವೇಗ ಸಾಲಲಿಲ್ಲ. ನುಗ್ಗಿಬಂದ ಸ್ಯಾನ್ ಮರಿನೊದ ದವಿಡೆ ಗ್ವಾಲ್ತಿಯೇರಿ ಒಂಬತ್ತು ಸೆಕೆಂಡ್ ತುಂಬುವ ಮೊದಲೇ ಗೋಲು ಹೊಡೆದರು. ಇಂಗ್ಲೆಂಡ್ ಗೆದ್ದದ್ದು 7-1ರಿಂದ. ಆ ಏಳರಲ್ಲಿ ಒಂದಾದರೂ ಇಂದು ಯಾರಿಗೆ ನೆನಪಿದೆ?

2024ರಲ್ಲಿ ಇದೇ ಸ್ಯಾನ್ ಮರಿನೊ ಲಿಕ್ಟೆನ್‌ಸ್ಟೈನನ್ನು ಎರಡು ಸಲ ಸೋಲಿಸಿ ನೇಷನ್ಸ್ ಲೀಗ್‌ನಲ್ಲಿ ಬಡ್ತಿ ಪಡೆಯಿತು. ಸಮಬಲರೊಡನೆಯಷ್ಟೇ ತಾನೆ, ಎನ್ನಬಹುದು. ಹಾಗಾದರೆ ಫರೋ ದ್ವೀಪಗಳನ್ನು ನೋಡಿ. 1990ರಲ್ಲಿ ತವರಿನಲ್ಲಿ ಹುಲ್ಲಿನ ಮೈದಾನವಿಲ್ಲದೆ ಸ್ವೀಡನ್ನಿನಲ್ಲಿ ಆಡಿದ ತಂಡ, ಆಗಷ್ಟೇ ವಿಶ್ವಕಪ್ ಆಡಿ ಬಂದಿದ್ದ ಆಸ್ಟ್ರಿಯಾವನ್ನು 1-0ರಿಂದ ಕೆಡವಿತು. ಯುರೋ ಅರ್ಹತಾ ಸುತ್ತಿನಲ್ಲಿ ಅದು ಫರೋಗಳ ಮೊದಲ ಪಂದ್ಯ. ಪುಟ್ಟ ದೇಶಗಳನ್ನು ಹೊರಗಿಡುವ ಈ ಜರಡಿ ಅಂದೇ ಇದ್ದಿದ್ದರೆ ಆ ಪಂದ್ಯವೇ ನಡೆಯುತ್ತಿರಲಿಲ್ಲ.