ಆಪಲ್ ಹಾಕಿದ ಬೀಗ: ಕೊಂಡವನೇ ಒಡೆಯನೇ?

ಆಪಲ್ ಸಂಸ್ಥೆಯು 2009ರ ನವೆಂಬರ್ 9ರಂದು ತನ್ನ ಮ್ಯಾಕ್ ಒಎಸ್ ಎಕ್ಸ್ ಕಾರ್ಯಾಚರಣ ವ್ಯವಸ್ಥೆಗೆ 10.6.2 ಎಂಬ ಪರಿಷ್ಕರಣೆಯನ್ನು ಬಿಡುಗಡೆ ಮಾಡಿತು. ಹೊರನೋಟಕ್ಕೆ ಅದು ಹಳೆಯ ದೋಷಗಳನ್ನು ಸರಿಪಡಿಸುವ ಮಾಮೂಲಿ ಪರಿಷ್ಕರಣೆ. ಆದರೆ ಇಂಟೆಲ್‌ನ ಆಟಂ ಪ್ರೊಸೆಸರ್ ಹೊಂದಿದ್ದ ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಮ್ಯಾಕ್ ವ್ಯವಸ್ಥೆಯನ್ನು ತಾವಾಗಿಯೇ ಅಳವಡಿಸಿಕೊಂಡಿದ್ದ ಹವ್ಯಾಸಿಗಳಿಗೆ ಅದು ಆಘಾತ ನೀಡಿತು. ಹಿಂದಿನ ದಿನದವರೆಗೆ ಸರಾಗವಾಗಿ ನಡೆಯುತ್ತಿದ್ದ ಯಂತ್ರ, ಪರಿಷ್ಕರಣೆಯ ನಂತರ ಆರಂಭವಾಗುತ್ತಿದ್ದಂತೆಯೇ ಸ್ಥಗಿತಗೊಳ್ಳತೊಡಗಿತು. ವ್ಯವಸ್ಥೆಯ ಒಡಲಾದ ಕರ್ನೆಲ್ ತನ್ನ ಬೆಂಬಲದ ಪಟ್ಟಿಯಿಂದ ಆಟಂ ಪ್ರೊಸೆಸರನ್ನು ಕೈಬಿಟ್ಟಿತ್ತು.

ಆಪಲ್ ಇದಕ್ಕೆ ಬಹಿರಂಗ ವಿವರಣೆ ನೀಡಲಿಲ್ಲ. ನೀಡಬೇಕಾದ ಕಾನೂನಿನ ಅಗತ್ಯವೂ ಅದಕ್ಕಿರಲಿಲ್ಲ. ಆಟಂ ಬಳಸಿದ ಒಂದೇ ಒಂದು ಮ್ಯಾಕ್ ಕಂಪ್ಯೂಟರನ್ನು ಆಪಲ್ ಎಂದೂ ಮಾರಿರಲಿಲ್ಲ. ತಾನು ಮಾರದ ಯಂತ್ರದಲ್ಲಿ ತನ್ನ ತಂತ್ರಾಂಶ ನಡೆಯಲೇಬೇಕೆಂದು ಯಾರೂ ಹಟ ಹಿಡಿಯುವಂತಿಲ್ಲ ಎಂಬ ವಾದ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೂ ಒಂದೂವರೆ ದಶಕದ ಹಿಂದಿನ ಈ ಪ್ರಸಂಗವನ್ನು ಮತ್ತೆ ಕೆದಕಲು ಕಾರಣವಿದೆ. ನಾವು ಹಣ ಕೊಟ್ಟು ತಂದ ಯಂತ್ರದ ಮೇಲೆ ನಮ್ಮ ಹಕ್ಕು ಎಲ್ಲಿಯವರೆಗೆ, ತಯಾರಕನ ಹಿಡಿತ ಎಲ್ಲಿಂದ ಎಂಬ ಪ್ರಶ್ನೆ ಅಂದಿಗಿಂತ ಇಂದು ಹೆಚ್ಚು ತೀವ್ರವಾಗಿದೆ.

ಅಗ್ಗದ ಯಂತ್ರ, ದುಬಾರಿ ವ್ಯವಸ್ಥೆ

ಹಿನ್ನೆಲೆಯನ್ನು ಸ್ವಲ್ಪ ನೆನಪಿಸಿಕೊಳ್ಳುವುದು ಒಳಿತು. ತೈವಾನ್‌ನ ಏಸುಸ್ ಸಂಸ್ಥೆ 2007ರಲ್ಲಿ ಏಳು ಅಂಗುಲದ ಪರದೆಯ ಈ ಪಿಸಿಯನ್ನು ಮಾರುಕಟ್ಟೆಗೆ ತಂದಾಗ 'ನೆಟ್‌ಬುಕ್' ಎಂಬ ಹೊಸ ವರ್ಗವೇ ಹುಟ್ಟಿಕೊಂಡಿತು. ಮರುವರ್ಷ ಇಂಟೆಲ್ ಕಡಿಮೆ ವಿದ್ಯುತ್ ಬಳಸುವ ಅಗ್ಗದ ಆಟಂ ಪ್ರೊಸೆಸರನ್ನು ಬಿಡುಗಡೆ ಮಾಡಿತು. ಎಂಎಸ್‌ಐ ವಿಂಡ್, ಡೆಲ್ ಮಿನಿ 9, ಮಿನಿ 10ವಿ ಮೊದಲಾದವು ಸಾಲುಸಾಲಾಗಿ ಬಂದವು. ಬೆಲೆ ಮುನ್ನೂರರಿಂದ ನಾನ್ನೂರು ಡಾಲರ್. ಅಂದಿನ ವಿನಿಮಯ ದರದಲ್ಲಿ ಸುಮಾರು 14ರಿಂದ 18 ಸಾವಿರ ರೂಪಾಯಿ. ಅದೇ ಕಾಲಕ್ಕೆ ಆಪಲ್‌ನ ಅತ್ಯಂತ ಅಗ್ಗದ ಲ್ಯಾಪ್‌ಟಾಪ್ ಆಗಿದ್ದ ಬಿಳಿ ಮ್ಯಾಕ್‌ಬುಕ್‌ನ ಬೆಲೆ 999 ಡಾಲರ್.

ಇನ್ನೊಂದು ಬೆಳವಣಿಗೆ ಆಗಲೇ ನಡೆದಿತ್ತು. ತನ್ನ ಕಂಪ್ಯೂಟರ್‌ಗಳನ್ನು ಇಂಟೆಲ್ ಪ್ರೊಸೆಸರ್‌ಗೆ ಬದಲಾಯಿಸುವುದಾಗಿ ಆಪಲ್ 2005ರ ಜೂನ್‌ನಲ್ಲಿ ಘೋಷಿಸಿ, 2006ರ ಜನವರಿಯಿಂದ ಅಂತಹ ಮ್ಯಾಕ್‌ಗಳ ಮಾರಾಟವನ್ನು ಆರಂಭಿಸಿತ್ತು. ಅಂದಿನಿಂದ ಮ್ಯಾಕ್ ಮತ್ತು ಸಾಮಾನ್ಯ ಪಿಸಿಗಳ ಒಳಗಣ ಅಂತರ ಕಿರಿದಾಯಿತು. ಗೋಡೆ ತೆಳುವಾದ ಮೇಲೆ ಕನ್ನ ಕೊರೆಯುವವರು ಇದ್ದೇ ಇರುತ್ತಾರೆ. ಸಾಮಾನ್ಯ ಪಿಸಿಯಲ್ಲಿ ಮ್ಯಾಕ್ ವ್ಯವಸ್ಥೆಯನ್ನು ನಡೆಸುವ ಈ ಹವ್ಯಾಸಕ್ಕೆ 'ಹ್ಯಾಕಿಂತೋಷ್' ಎಂಬ ಹೆಸರು ಬಿತ್ತು. ಆಪಲ್ ತಾನೇ ತಯಾರಿಸಲೊಲ್ಲದ ಪುಟ್ಟ ಮ್ಯಾಕ್ ಅನ್ನು ಜನರೇ ಡೆಲ್ ಮತ್ತು ಎಂಎಸ್‌ಐ ಯಂತ್ರಗಳಲ್ಲಿ ಕಟ್ಟಿಕೊಂಡರು.

ಆಪಲ್‌ಗೆ ಈ ಬೇಡಿಕೆಯ ಅರಿವಿರಲಿಲ್ಲವೆಂದಲ್ಲ. ಐನೂರು ಡಾಲರಿಗೆ ಕಸವಲ್ಲದ ಕಂಪ್ಯೂಟರನ್ನು ಮಾಡುವುದು ತಮಗೆ ತಿಳಿಯದು ಎಂಬರ್ಥದ ಮಾತನ್ನು ಸ್ಟೀವ್ ಜಾಬ್ಸ್ 2008ರ ಅಕ್ಟೋಬರ್‌ನಲ್ಲಿ ಹೂಡಿಕೆದಾರರ ಮುಂದೆ ಆಡಿದ್ದರು. ಟಿಮ್ ಕುಕ್ ಕೂಡ 2009ರಲ್ಲಿ ನೆಟ್‌ಬುಕ್‌ಗಳ ಇಕ್ಕಟ್ಟಾದ ಕೀಲಿಮಣೆ, ಕಳಪೆ ಯಂತ್ರಾಂಶಗಳನ್ನು ಟೀಕಿಸಿದ್ದರು. ಟೀಕೆಯಲ್ಲಿ ಹುರುಳಿತ್ತು. ಆದರೆ ಅದೇ ಕಳಪೆ ಯಂತ್ರಗಳಲ್ಲಿ ಆಪಲ್‌ನದೇ ವ್ಯವಸ್ಥೆ ತಕ್ಕಮಟ್ಟಿಗೆ ಚೆನ್ನಾಗಿಯೇ ನಡೆಯುತ್ತಿದ್ದುದು ಮುಜುಗರದ ಸಂಗತಿಯಾಗಿತ್ತು.

29 ಡಾಲರಿನ ಒಳಗುಟ್ಟು

ಆಪಲ್‌ನ ಪಕ್ಷವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅದರ ವ್ಯಾಪಾರದ ಲೆಕ್ಕವನ್ನು ನೋಡಬೇಕು. 2009ರ ಆಗಸ್ಟ್ 28ರಂದು ಮಾರುಕಟ್ಟೆಗೆ ಬಂದ ಮ್ಯಾಕ್ ಒಎಸ್ ಎಕ್ಸ್ 10.6 ಅಥವಾ 'ಸ್ನೋ ಲೆಪರ್ಡ್'ನ ಬೆಲೆ, ಹಿಂದಿನ ಆವೃತ್ತಿ ಹೊಂದಿದ್ದವರಿಗೆ ಕೇವಲ 29 ಡಾಲರ್. ವಿಂಡೋಸ್‌ನಲ್ಲಿರುವಂತೆ ಉದ್ದನೆಯ ಗುಪ್ತಸಂಖ್ಯೆಯನ್ನು ನಮೂದಿಸಬೇಕಾಗಿರಲಿಲ್ಲ. ಅಂತರ್ಜಾಲದ ಮೂಲಕ ಸಕ್ರಿಯಗೊಳಿಸುವ ಗೋಜೂ ಇರಲಿಲ್ಲ. ಈ ಔದಾರ್ಯದ ಗುಟ್ಟು ಸರಳ. ತಂತ್ರಾಂಶದ ನಿಜವಾದ ಬೆಲೆಯನ್ನು ಗ್ರಾಹಕ ಮ್ಯಾಕ್ ಕೊಳ್ಳುವಾಗಲೇ ತೆತ್ತಿರುತ್ತಿದ್ದ. ಯಂತ್ರವೇ ಕೀಲಿ, ಯಂತ್ರವೇ ರಸೀದಿ. ಯಂತ್ರವನ್ನು ಬೇರೆಯವರಿಂದ ಕೊಂಡು ತಂತ್ರಾಂಶಕ್ಕೆ 29 ಡಾಲರ್ ಮಾತ್ರ ಕೊಟ್ಟರೆ ಈ ಲೆಕ್ಕವೇ ಬುಡಮೇಲಾಗುತ್ತದೆ. ಆಪಲ್ ಮುದ್ರೆಯುಳ್ಳ ಕಂಪ್ಯೂಟರಿನಲ್ಲಿ ಮಾತ್ರ ಬಳಸತಕ್ಕದ್ದು ಎಂಬ ಷರತ್ತನ್ನು ಪರವಾನಗಿ ಪತ್ರದಲ್ಲಿ ಸೇರಿಸಿದ್ದು ಈ ಕಾರಣಕ್ಕೆ.

ಆಪಲ್‌ಗೆ ಇದರಲ್ಲಿ ಒಮ್ಮೆ ಕೈಸುಟ್ಟ ಅನುಭವವೂ ಇತ್ತು. 1995ರಿಂದ ಪವರ್ ಕಂಪ್ಯೂಟಿಂಗ್ ಮುಂತಾದ ಸಂಸ್ಥೆಗಳಿಗೆ ಮ್ಯಾಕ್‌ನ ಪ್ರತಿರೂಪಗಳನ್ನು ತಯಾರಿಸಲು ಅದು ಅನುಮತಿ ನೀಡಿತ್ತು. ಅವು ಹೊಸ ಗ್ರಾಹಕರನ್ನು ತರುವ ಬದಲು ಆಪಲ್‌ನ ಹಳೆಯ ಗ್ರಾಹಕರನ್ನೇ ಸೆಳೆದವು. 1997ರ ಆರ್ಥಿಕ ವರ್ಷದಲ್ಲಿ ಆಪಲ್ ಸುಮಾರು ನೂರು ಕೋಟಿ ಡಾಲರ್ ನಷ್ಟ ಅನುಭವಿಸಿತು. ಮರಳಿ ಬಂದ ಜಾಬ್ಸ್ ಆ ಯೋಜನೆಗೆ ತೆರೆ ಎಳೆದರು. ಪವರ್ ಕಂಪ್ಯೂಟಿಂಗ್‌ನ ಮ್ಯಾಕ್ ವ್ಯವಹಾರವನ್ನು ಹತ್ತು ಕೋಟಿ ಡಾಲರಿಗೆ ಖರೀದಿಸಿ ಮುಚ್ಚಲಾಯಿತು. ಆ ಸಂಸ್ಥೆ 'ಅನಧಿಕೃತ' ಎಂಬ ಪದ ಕೇಳಿದಾಗ ಬೆಚ್ಚುವುದರಲ್ಲಿ ಆಶ್ಚರ್ಯವಿಲ್ಲ.

ನ್ಯಾಯಾಲಯ ಹೇಳಿದ್ದೇನು?

ಇದೇ ಕಾಲದಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಸೈಸ್ಟಾರ್ ಎಂಬ ಸಣ್ಣ ಸಂಸ್ಥೆ 2008ರ ಏಪ್ರಿಲ್‌ನಿಂದ ಮ್ಯಾಕ್ ವ್ಯವಸ್ಥೆಯುಳ್ಳ ಸಾಮಾನ್ಯ ಪಿಸಿಗಳನ್ನು ಮಾರಾಟಕ್ಕಿಟ್ಟಿತು. ಆರಂಭಿಕ ಬೆಲೆ 399 ಡಾಲರ್. ಪ್ರತಿ ಯಂತ್ರದೊಂದಿಗೆ ಹಣ ತೆತ್ತು ಕೊಂಡ ಮ್ಯಾಕ್ ಒಎಸ್ ಎಕ್ಸ್‌ನ ಒಂದು ಡಿಸ್ಕನ್ನೂ ಕೊಡುತ್ತಿದ್ದೇವೆ, ಹೀಗಾಗಿ ಆಪಲ್‌ಗೆ ನಷ್ಟವಿಲ್ಲ ಎಂಬುದು ಅದರ ವಾದ. ಜುಲೈ ತಿಂಗಳಲ್ಲಿ ಆಪಲ್ ದಾವೆ ಹೂಡಿತು. ಮ್ಯಾಕ್ ಮಾರುಕಟ್ಟೆಯಲ್ಲಿ ಆಪಲ್ ಏಕಸ್ವಾಮ್ಯ ನಡೆಸುತ್ತಿದೆ ಎಂಬ ಸೈಸ್ಟಾರ್‌ನ ಪ್ರತಿವಾದವನ್ನು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಧೀಶ ವಿಲಿಯಂ ಆಲ್ಸಪ್ ಅದೇ ನವೆಂಬರ್‌ನಲ್ಲಿ ತಳ್ಳಿಹಾಕಿದರು. ಒಂದು ಸಂಸ್ಥೆಯ ಒಂದು ಉತ್ಪನ್ನವನ್ನೇ ಪ್ರತ್ಯೇಕ ಮಾರುಕಟ್ಟೆ ಎಂದು ಪರಿಗಣಿಸಲು ಅವರು ಒಪ್ಪಲಿಲ್ಲ.

ಅಂತಿಮ ಹೊಡೆತ ಬಿದ್ದದ್ದು 2009ರ ನವೆಂಬರ್ 13ರಂದು, ಅಂದರೆ 10.6.2 ಪರಿಷ್ಕರಣೆ ಬಂದ ನಾಲ್ಕೇ ದಿನಗಳಲ್ಲಿ. ಡಿಸ್ಕ್ ಕೊಂಡದ್ದು ನಿಜವಾದರೂ ಯಂತ್ರಗಳಿಗೆ ತುಂಬಿದ್ದು ಮಾರ್ಪಡಿಸಿದ ಒಂದು ಮೂಲಪ್ರತಿಯ ನಕಲುಗಳನ್ನು. ಇದು ಹಕ್ಕುಸ್ವಾಮ್ಯದ ಉಲ್ಲಂಘನೆ. ರಕ್ಷಣಾ ಬೀಗವನ್ನು ಮುರಿದದ್ದು 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯಿದೆಯ ಉಲ್ಲಂಘನೆ ಎಂದು ಆಲ್ಸಪ್ ತೀರ್ಪಿತ್ತರು. ಡಿಸೆಂಬರ್‌ನಲ್ಲಿ ಶಾಶ್ವತ ತಡೆಯಾಜ್ಞೆ ಹೊರಬಿತ್ತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ತಂತ್ರಾಂಶವನ್ನು ಆಪಲ್ ಮಾರುತ್ತಿಲ್ಲ, ಷರತ್ತಿನ ಮೇಲೆ ಬಳಸಲು ಪರವಾನಗಿ ನೀಡುತ್ತಿದೆ; ಆ ಷರತ್ತು ಬೇರೆಯವರು ತಮ್ಮದೇ ತಂತ್ರಾಂಶ ಬರೆಯುವುದನ್ನು ತಡೆಯುವುದಿಲ್ಲ ಎಂಬುದು ಅದರ ತರ್ಕ.

ಪರರ ಶ್ರಮದ ಮೇಲೆ ಅಂಗಡಿ ತೆರೆದ ಸಂಸ್ಥೆಯ ವಿಷಯದಲ್ಲಿ ಈ ತೀರ್ಪು ನ್ಯಾಯಯುತವೇ. ಆದರೆ ಅದರ ನೆರಳು ಅಂಗಡಿಯವನ ಮೇಲಷ್ಟೇ ಬೀಳಲಿಲ್ಲ. ಕೊಂಡದ್ದು ವಸ್ತುವಲ್ಲ, ಕೇವಲ ಪರವಾನಗಿ ಎಂದ ಮೇಲೆ ಮನೆಯ ಮೂಲೆಯಲ್ಲಿ ಕುಳಿತ ಸಾಮಾನ್ಯ ಬಳಕೆದಾರನೂ ಬಾಡಿಗೆದಾರನ ಸ್ಥಾನಕ್ಕೆ ಇಳಿಯುತ್ತಾನೆ. ಸೈಸ್ಟಾರ್ ಅನ್ನು ಮಣಿಸಲು ಮೊಕದ್ದಮೆ, ಸಾಕ್ಷ್ಯ, ವಾದ, ಮೇಲ್ಮನವಿ ಎಲ್ಲವೂ ಬೇಕಾದವು. ನೆಟ್‌ಬುಕ್ ಬಳಕೆದಾರನನ್ನು ಮಣಿಸಲು ಒಂದು ಪರಿಷ್ಕರಣೆ ಸಾಕಾಯಿತು. ಅಲ್ಲಿ ವಾದಿಯೂ ನ್ಯಾಯಾಧೀಶನೂ ಒಬ್ಬನೇ. ಈ ಪ್ರಸಂಗದಲ್ಲಿ ನಾವು ಗಮನಿಸಬೇಕಾದ ಅಂಶ ಇದು.

ರಂಗೋಲಿ ಕೆಳಗೆ ತೂರಿದವರು

ಬೀಗವಂತೂ ಹೆಚ್ಚು ದಿನ ನಿಲ್ಲಲಿಲ್ಲ. ಮ್ಯಾಕ್ ವ್ಯವಸ್ಥೆಯ ಕರ್ನೆಲ್‌ನ ಮೂಲಸಂಕೇತವನ್ನು ಆಪಲ್ ತಾನೇ ಮುಕ್ತವಾಗಿ ಪ್ರಕಟಿಸುತ್ತಿತ್ತು. ಅದನ್ನು ತಿದ್ದಿ, ಆಟಂ ಬೆಂಬಲವನ್ನು ಮರಳಿ ಸೇರಿಸಿದ ಕರ್ನೆಲ್ ಹವ್ಯಾಸಿಗಳ ನಡುವೆ ಬೇಗನೆ ಹರಿದಾಡತೊಡಗಿತು. ಆಪಲ್ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದರು. ತಂತ್ರಜ್ಞಾನ ಬಲ್ಲವರನ್ನು ತಡೆಯುವ ಶಕ್ತಿ ಈ ಬೀಗಕ್ಕಿರಲಿಲ್ಲ. ತೊಂದರೆಗೊಳಗಾದವರು ಸ್ನೇಹಿತರ ನೆರವಿನಿಂದ ಹೇಗೋ ಅಳವಡಿಸಿಕೊಂಡಿದ್ದ, ಪರಿಷ್ಕರಣೆಯ ಗುಂಡಿ ಒತ್ತಿದರೆ ಒಳಿತೇ ಆಗುತ್ತದೆಂದು ನಂಬಿದ್ದ ಸಾಮಾನ್ಯರು.

ಆಪಲ್‌ನ ನಿಜವಾದ ಉತ್ತರ ಬಂದದ್ದು 2010ರ ಜನವರಿ 27ರಂದು. 499 ಡಾಲರ್ ಬೆಲೆಯ ಐಪ್ಯಾಡ್ ಅನ್ನು ಅನಾವರಣಗೊಳಿಸಿದ ಜಾಬ್ಸ್, ನೆಟ್‌ಬುಕ್‌ಗಳು ಯಾವುದರಲ್ಲೂ ಉತ್ತಮವಲ್ಲ ಎಂದು ಮೂದಲಿಸಿದರು. ಮಾರುಕಟ್ಟೆ ಅವರ ಮಾತನ್ನು ಒಪ್ಪಿತು. 2012ರ ಅಂತ್ಯದ ವೇಳೆಗೆ ಏಸುಸ್ ಮತ್ತು ಏಸರ್ ಸಂಸ್ಥೆಗಳು ನೆಟ್‌ಬುಕ್ ತಯಾರಿಕೆಯಿಂದ ಹಿಂದೆ ಸರಿದವು. ಆದರೆ ಐಪ್ಯಾಡ್‌ನಲ್ಲಿ ಬೀಗ ಇನ್ನೂ ಬಿಗಿಯಾಗಿತ್ತು. ಕಾರ್ಯಾಚರಣ ವ್ಯವಸ್ಥೆಯಷ್ಟೇ ಅಲ್ಲ, ಯಾವ ತಂತ್ರಾಂಶ ಅದರಲ್ಲಿ ನಡೆಯಬೇಕೆಂಬುದನ್ನೂ ಆಪಲ್‌ನ ಅಂಗಡಿಯೇ ನಿರ್ಧರಿಸುತ್ತಿತ್ತು.

ಮ್ಯಾಕ್‌ನ ಕಥೆಯೂ ಅದೇ ದಿಕ್ಕಿನಲ್ಲಿ ಸಾಗಿತು. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ಬಳಸಿದ ಮ್ಯಾಕ್‌ಗಳನ್ನು ಬಿಡುಗಡೆ ಮಾಡಿತು. 2025ರಲ್ಲಿ ಬಂದ ಮ್ಯಾಕ್ ಒಎಸ್ 26, ಅಂದರೆ 'ತಾಹೋ', ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿ ಎಂದು ಸಂಸ್ಥೆ ಘೋಷಿಸಿದೆ. ಹ್ಯಾಕಿಂತೋಷ್ ಹವ್ಯಾಸಕ್ಕೂ ಅಲ್ಲಿಗೆ ಹೊಸ ಆವೃತ್ತಿಗಳ ಬಾಗಿಲು ಮುಚ್ಚಿದಂತೆ.

ನಮಗೇನು ಪಾಠ?

ಇದು ಆಪಲ್ ಒಂದರದೇ ಕಥೆಯಲ್ಲ. ಮೈಕ್ರೋಸಾಫ್ಟ್ ಕೂಡ ನೆಟ್‌ಬುಕ್‌ಗಳಿಗೆಂದು 2009ರಲ್ಲಿ ನೀಡಿದ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ಪರದೆಯ ಹಿನ್ನೆಲೆ ಚಿತ್ರವನ್ನು ಬದಲಿಸುವ ಸೌಲಭ್ಯವನ್ನೂ ಕಿತ್ತುಕೊಂಡಿತ್ತು. ಅಗ್ಗದ ಯಂತ್ರ ಕೊಂಡವರಿಗೆ ಅಗ್ಗದ ಹಕ್ಕು! 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇತ್ತೀಚಿನ ಪ್ರೊಸೆಸರ್ ಕಡ್ಡಾಯವಾದ್ದರಿಂದ, ಇನ್ನೂ ಗಟ್ಟಿಮುಟ್ಟಾಗಿರುವ ಅದೆಷ್ಟೋ ಕಂಪ್ಯೂಟರ್‌ಗಳು ಕಾಗದದ ಮೇಲೆ ಮುಪ್ಪಾಗಿವೆ. ಭದ್ರತೆಯ ಕಾರಣ ಸುಳ್ಳಲ್ಲ. ಆದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಯಂತ್ರ ಕೊಂಡು ಮಕ್ಕಳನ್ನು ಓದಿಸುವ ಕುಟುಂಬಕ್ಕೆ ಆ ನಿರ್ಧಾರದ ಬಿಸಿ ತಟ್ಟದೆ ಇರದು.

ನಮ್ಮ ಕಾನೂನು ಈ ವಿಷಯದಲ್ಲಿ ಅಮೆರಿಕದಷ್ಟು ಕಠಿಣವಾಗಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್, ಸ್ವತಂತ್ರವಾಗಿ ರಚಿಸಿದ ತಂತ್ರಾಂಶವೊಂದು ಇತರ ತಂತ್ರಾಂಶಗಳೊಡನೆ ಹೊಂದಿಕೊಂಡು ನಡೆಯಲು ಬೇಕಾದ ಮಾಹಿತಿಯನ್ನು, ಅದು ಬೇರೆಡೆ ಸುಲಭವಾಗಿ ಸಿಗದಿದ್ದಾಗ, ನ್ಯಾಯಬದ್ಧ ಬಳಕೆದಾರ ಪಡೆಯಲು ಅವಕಾಶ ನೀಡುತ್ತದೆ. 2012ರ ತಿದ್ದುಪಡಿಯಿಂದ ಬಂದ 65ಎ ಸೆಕ್ಷನ್ ಡಿಜಿಟಲ್ ಬೀಗ ಮುರಿಯುವುದಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡವನ್ನು ವಿಧಿಸುತ್ತದೆ. ಆದರೆ ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶವಿದ್ದರೆ ಮಾತ್ರ. ಈ ಉದ್ದೇಶದ ಷರತ್ತೇ ಭಾರತೀಯ ಬಳಕೆದಾರನಿಗೆ ಸಿಕ್ಕ ಚಿಕ್ಕ ರಕ್ಷಾಕವಚ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಆರಂಭಿಸಿದ 'ದುರಸ್ತಿಯ ಹಕ್ಕು' ಜಾಲತಾಣವೂ ಸ್ವಾಗತಾರ್ಹ. ಆದರೆ ದುರಸ್ತಿಯೆಂದರೆ ಬ್ಯಾಟರಿ, ಪರದೆಗಳ ಬದಲಾವಣೆ ಮಾತ್ರವಲ್ಲ. ತಂತ್ರಾಂಶದ ಬೀಗದಿಂದ ನಿಂತ ಯಂತ್ರವೂ ಕೆಟ್ಟ ಯಂತ್ರವೇ ಎಂಬುದನ್ನು ನೀತಿ ನಿರೂಪಕರು ಗ್ರಹಿಸಬೇಕು.

ತಯಾರಕರು ತಮ್ಮ ತಂತ್ರಾಂಶವನ್ನು ಎಲ್ಲ ಯಂತ್ರಗಳಿಗೂ ಕೊಡಲೇಬೇಕೆಂದು ಕಾನೂನು ಮಾಡುವುದು ಸಾಧುವಲ್ಲ. ಹಾಗೆ ಮಾಡಿದರೆ 29 ಡಾಲರಿನ ತಂತ್ರಾಂಶವೂ ಉಳಿಯುವುದಿಲ್ಲ. ಆದರೆ ಎರಡು ಕನಿಷ್ಠ ಕಟ್ಟುಪಾಡುಗಳು ಅಗತ್ಯ. ಮೊದಲನೆಯದು, ಪರಿಷ್ಕರಣೆಯೊಂದು ಯಾವ ಯಂತ್ರವನ್ನು ನಿಲ್ಲಿಸಲಿದೆ ಎಂಬುದನ್ನು ಗುಂಡಿ ಒತ್ತುವ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ಎರಡನೆಯದು, ಬೆಂಬಲ ನಿಲ್ಲಿಸಿದ ಮೇಲೆ ಆ ಯಂತ್ರದಲ್ಲಿ ಲಿನಕ್ಸ್‌ನಂಥ ಬೇರೆ ವ್ಯವಸ್ಥೆಯನ್ನು ಹಾಕಿಕೊಳ್ಳಲು ಮಾಲೀಕನಿಗೆ ಅಡ್ಡಿಪಡಿಸಬಾರದು. ತನ್ನ ಮನೆಯ ಬಾಗಿಲಿಗೆ ಬೀಗ ಹಾಕುವ ಹಕ್ಕು ಆಪಲ್‌ಗೂ ಇದೆ, ಮೈಕ್ರೋಸಾಫ್ಟ್‌ಗೂ ಇದೆ. ಕೊಂಡವನ ಮನೆಗೆ ಹೊರಗಿನಿಂದ ಚಿಲಕ ಹಾಕುವ ಹಕ್ಕನ್ನು ಮಾತ್ರ ಅವರಿಗೆ ಯಾರೂ ಬರೆದುಕೊಟ್ಟಿಲ್ಲ.