ಮಣ್ಣಿಗೂ ಸಾಕ್ಷಿ ಹೇಳೋಕೆ ಬರುತ್ತೆ



ಕಾಡು ಮತ್ತೆ ಬೆಳೆಸುವ ಯೋಜನೆಯೊಂದರಲ್ಲಿ ನಾನು ಮಣ್ಣು ವಿಜ್ಞಾನಿ. ನಮ್ಮ ಕೇರಿಯಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ನಮ್ಮಪ್ಪ ಒಡೆಯರ ಗದ್ದೆಗೆ ಮಣ್ಣು ಹೊತ್ತ. ನಾನು ಮಣ್ಣನ್ನು ಚೀಲಕ್ಕೆ ತುಂಬಿ ಚೀಟಿ ಅಂಟಿಸುತ್ತೇನೆ.

ಮೊನ್ನೆ ಮಲೆನಾಡಿನ ಅಂಚಿನ ಒಂದು ಹಳ್ಳಿಗೆ ಕಳಿಸಿದರು. ಕಾಗದದಲ್ಲಿ ಆ ನೆಲ 'ಹಾಳುಬಿದ್ದ ಅರಣ್ಯ'. ಮೇಲಿನ 15 ಸೆಂಟಿಮೀಟರ್ ಮಣ್ಣು ತೆಗೆದು, ಇಂಗಾಲ, ಸಾರಜನಕ, ರಂಜಕ ಅಳೆದು, ಯಾವ ಸಸಿ ನಿಲ್ಲುತ್ತೆ ಅಂತ ಬರೆಯೋದು ನನ್ನ ಕೆಲಸ. ಅಗೆದೆ. ಬೂದಿ ಸಿಕ್ಕಿತು, ಮಡಕೆ ಚೂರು ಸಿಕ್ಕಿತು. ಇಳಿಜಾರಿಗೆ ಅಡ್ಡಲಾಗಿ ಯಾರೋ ಕಟ್ಟಿದ ಕಲ್ಲಿನ ಬದು ಇತ್ತು. ಪಕ್ಕದ ಕಾಡಿನ ಮಣ್ಣಿಗಿಂತ ಇಲ್ಲಿ ರಂಜಕ ಹೆಚ್ಚು. ಒಲೆಯ ಬೂದಿ, ಕೊಟ್ಟಿಗೆ ಗೊಬ್ಬರ, ಮೂಳೆ ಬಿದ್ದ ಕಡೆ ರಂಜಕ ಸೇರುತ್ತೆ. ಸಾರಜನಕದ ಹಾಗೆ ಅದು ಮಳೆನೀರಲ್ಲಿ ಸುಲಭಕ್ಕೆ ಕರಗಿ ಹೋಗಲ್ಲ, ತಲೆಮಾರುಗಟ್ಟಲೆ ಉಳಿಯುತ್ತೆ. ಅದು ಇಸವಿ ಹೇಳಲ್ಲ, ನಿಜ. ಜನ ಬಾಳಿದ ಗುರುತು ಹೇಳುತ್ತೆ.

ಅಲ್ಲೇ ನಿಂತಿದ್ದ ಮುದುಕಿ ಅಂದಳು: "ಇಲ್ಲೇ ಕಣಪ್ಪ ನಮ್ಮತ್ತೆ ರಾಗಿ ಚೆಲ್ತಿದ್ದದ್ದು. ಅಗೋ, ಆ ಹುಣಸೆ ಬುಡದಾಗೆ ಅವಳ್ನ ಮಣ್ಣು ಮಾಡಿದ್ವಿ."

ವರದಿಯ ನಮೂನೆಯಲ್ಲಿ ಇದಕ್ಕೆ ಕಾಲಮ್ಮಿಲ್ಲ. "ಮಣ್ಣಿನ ವಿಷಯ ಬರಿ, ಜನರ ವಿಷಯ ನಿನಗ್ಯಾಕೆ?" ಅಂದರು ಸಾಹೇಬರು.

ಯಾಕೆ ಅಂತ ಹೇಳುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನೆಚ್ಚಿ ಬಾಳಿದ್ದನ್ನು ತೋರಿಸಬೇಕು. ಲೆಕ್ಕ ಹಾಕಿ: 1930. ಆ ಕಾಲದಲ್ಲಿ ದಲಿತನನ್ನು ಶಾನುಭೋಗರ ಜಗಲಿ ಹತ್ತಲು ಬಿಡಲಿಲ್ಲ. ಇವತ್ತು ಅದೇ ಜಗಲಿಯ ಕಾಗದ ತಾ ಅಂತಾರೆ! ಎಲ್ಲಿಂದ ತರೋಣ?

ಆದರೆ ಕಾಯ್ದೆಯ ನಿಯಮ ಓದಿ. ಸಮ ಮಾಡಿದ ನೆಲ, ಬದು, ಬಾವಿ, ಸ್ಮಶಾನ, ಬರೆದುಕೊಂಡ ಹಿರಿಯರ ಹೇಳಿಕೆ ಇವೆಲ್ಲ ಸಾಕ್ಷ್ಯವೇ. ಇಂಥದ್ದೇ ಕಾಗದ ಬೇಕು ಅಂತ ಅಧಿಕಾರಿಗಳ ಸಮಿತಿ ಹಟ ಹಿಡಿಯುವಂತಿಲ್ಲ ಅಂತ 2012ರ ತಿದ್ದುಪಡಿ ಹೇಳುತ್ತೆ. ಹಕ್ಕಿನ ಪರಿಶೀಲನೆ ಮುಗಿಯುವ ತನಕ ಒಕ್ಕಲೆಬ್ಬಿಸುವಂತೆಯೂ ಇಲ್ಲ. ಇದನ್ನು ಆ ಮುದುಕಿಗೆ ಯಾರೂ ಹೇಳಿಲ್ಲ. ಅವಳ ಸೊಸೆ ದಿನಗೂಲಿಗೆ ನರ್ಸರಿ ಚೀಲಕ್ಕೆ ಮಣ್ಣು ತುಂಬುತ್ತಾಳೆ. ನಾಳೆ ಅತ್ತೆಯ ಹೊಲದಲ್ಲೇ ಗುಂಡಿ ತೋಡುತ್ತಾಳೆ. ನಾಡಿದ್ದು ಬೇಲಿಯ ಆಚೆ ನಿಲ್ಲುತ್ತಾಳೆ.

ಕಾಡು ಬೇಡ ಅಂತ ನಾನು ಹೇಳಲ್ಲ. ಹೊಂಗೆ ಬರಲಿ, ಮತ್ತಿ ಬರಲಿ, ಎಲೆ ಉದುರಿ ಮಣ್ಣು ಕಪ್ಪಾಗಲಿ. ಆದರೆ ಉಂಡ ಜನರನ್ನು ಎಬ್ಬಿಸಿ ಬೆಳೆಸುವ ಹಸಿರು ಯಾರಿಗೆ ನೆರಳು?

ಮೇಷ್ಟ್ರೇ, ನಿಮ್ಮೂರಿನ ಹಿರಿಯರ ಮಾತು ಬರೆದುಕೊಳ್ಳಿ. ಹಕ್ಕು ಕೇಳುವವರ ಹೇಳಿಕೆ ಸಾಲದು, ಬೇರೆ ಹಿರಿಯರದೂ ಬೇಕು. ಸಾಕ್ಷ್ಯ ಒಂದೇ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ವಿದ್ಯಾರ್ಥಿಗಳೇ, ರಜೆಯಲ್ಲಿ ಬದು ಅಳೆಯಿರಿ, ಸಮಾಧಿ ಗುರುತಿಸಿ. ಎಲ್ಲವನ್ನೂ ಗ್ರಾಮಸಭೆಯ ಮುಂದಿಡಿ. ನನ್ನಂತೆ ಮಣ್ಣು ಓದಿದವರೇ, ಕಾಲಮ್ಮಿಲ್ಲದಿದ್ದರೆ ಹಾಳೆಯ ಹಿಂದೆ ಬರೆಯಿರಿ.

ನಾನು ಬರೆದಿದ್ದೇನೆ: ಬೂದಿ, ಬದು, ರಂಜಕ, ಮುದುಕಿಯ ಅತ್ತೆಯ ಸಮಾಧಿ. ಕೆಳಗೆ ರುಜು ಹಾಕಿದ್ದೇನೆ. ಕೆಲಸ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲ. ಹಾಳೆ ಮಾತ್ರ ಕಡತದಲ್ಲಿದೆ. ಅದರ ಒಂದು ನಕಲು ಆ ಮುದುಕಿಯ ಟ್ರಂಕಿನಲ್ಲೂ ಇದೆ.